ಮೂಗಿನ ಬಟ್ಟೆ, ಚಿಲುಮೆಯ ಬಟ್ಟೆ

ಚನ್ನಗಿರಿಯ ನಮ್ಮ ಮನೆಯ ಹಿತ್ತಲಲ್ಲಿ ಬಾವಿಯ ಪಕ್ಕಕ್ಕೆ ಒಂದು ಒಗೆಯುವ ಕಲ್ಲಿತ್ತು. ಆ ಕಲ್ಲಿನ ಮೇಲೆ ಎಷ್ಟೋ ವರ್ಷ ದಿನಾ ಬೆಳಿಗ್ಗೆ ನಾನು ಎಲ್ಲಕ್ಕಿಂತ ಮೊದಲು ಒಗೆಯುತ್ತಿದ್ದದ್ದು ಎರಡು ತುಂಡು ಬಟ್ಟೆ. ಎರಡೂ ಒಂದೇ ಹಳೆಯ ಪಂಚೆಯಿಂದ ಹರಿದವು. ಒಂದು ಮೊಳದುದ್ದದ್ದು, ನಮ್ಮ ಮನೆಯವರು ಹತ್ತಿ ಹಿಂಜುವಾಗ ಮೂಗು ಬಾಯಿ ಮುಚ್ಚಿ ತಲೆಯ ಹಿಂದೆ ಗಂಟು ಹಾಕಿಕೊಳ್ಳುತ್ತಿದ್ದದ್ದು. ಇನ್ನೊಂದು ಅಂಗೈಯಗಲದ್ದು, ಗಾಂಜಾ ಸೇದುವಾಗ ಒದ್ದೆ ಮಾಡಿ ಚಿಲುಮೆಯ ಸಣ್ಣ ತುದಿಗೆ ಸುತ್ತಿಕೊಳ್ಳುವುದು. ಅದಕ್ಕೆ ಸಾಫಿ ಅನ್ನುತ್ತಿದ್ದರು.

ಮೂಗಿನ ಬಟ್ಟೆಯ ಹೊರಮೈಗೆ ಅರಳೆಯ ಬಿಳಿ ಪುಡಿ ಮೆತ್ತಿರುತ್ತಿತ್ತು. ಒಳಮೈಯಲ್ಲಿ ಎಂಜಲಿನ ತೇವ ಬಿಟ್ಟರೆ ಏನೂ ಇರುತ್ತಿರಲಿಲ್ಲ. ಕೊಡವಿ ಎರಡು ಸಲ ಹಿಂಡಿದರೆ ಮೊದಲಿನಂತಾಗುತ್ತಿತ್ತು. ಸಾಫಿ ಹಾಗಲ್ಲ. ಒಂದೇ ದಿನಕ್ಕೆ ಕಾಚಿನ ಬಣ್ಣ ಕುಡಿದು ಅಂಟಂಟಾಗಿರುತ್ತಿತ್ತು. ಸೀಗೆಪುಡಿ ಹಾಕಿ ತಿಕ್ಕಿದೆ, ಬೂದಿ ನೀರಲ್ಲಿ ಕುದಿಸಿದೆ, ಆ ಬಣ್ಣ ಹೋಗಲಿಲ್ಲ. ನನ್ನ ಬೆರಳಿಗೆ ಹತ್ತಿದ ವಾಸನೆ ರೊಟ್ಟಿ ತಟ್ಟುವಾಗಲೂ ಮೂಗಿಗೆ ಬಡಿಯುತ್ತಿತ್ತು. ಎರಡನ್ನೂ ಒಂದೇ ತಂತಿಯ ಮೇಲೆ ಪಕ್ಕಪಕ್ಕ ಒಣಹಾಕುತ್ತಿದ್ದೆ. ದಿನಾ ನೋಡುತ್ತಿದ್ದೆ. ನೋಡಿದ್ದು ತಲೆಗೆ ಹೋಗಲು ಅಷ್ಟು ವರ್ಷ ಬೇಕಾಯಿತು.

ನಮ್ಮದು ಪಿಂಜಾರರ ಮನೆ. ಹತ್ತಿ ಹಿಂಜಿ ಗಾದಿ, ದಿಂಬು ತುಂಬಿಕೊಡುವುದು ಕಸುಬು. ನಮಾಜು ಮಾಡುವವರು, ಮನೆಮಾತು ಕನ್ನಡ. ನಡುಮನೆಯ ತೊಲೆಯಿಂದ ಹಗ್ಗದಲ್ಲಿ ಆಳುದ್ದದ ಬಿಲ್ಲು ತೂಗುತ್ತಿತ್ತು. ಅದರ ನರದ ಹೆದೆಯನ್ನು ಅರಳೆಯ ಗುಡ್ಡೆಯೊಳಗೆ ಇಳಿಬಿಟ್ಟು ಮರದ ಕೊಡತಿಯಿಂದ ಮೀಟಿದರೆ ಮನೆಯೆಲ್ಲ ಡಂಯ್ ಎಂದು ಗುಂಯ್‌ಗುಟ್ಟಿ, ಗಂಟುಗಂಟಾಗಿದ್ದ ಹತ್ತಿ ಹಾಲಿನ ನೊರೆಯ ಹಾಗೆ ಮೇಲೇಳುತ್ತಿತ್ತು. ನೋಡಿದವರಿಗೆ ಅದು ತೋಳಿನ ಕೆಲಸ ಅನ್ನಿಸುತ್ತದೆ. ಅಲ್ಲ. ಕೊಡತಿ ಬೀಳುವಾಗ ಉಸಿರು ಬಿಡಬೇಕು, ಬಿಲ್ಲು ಎತ್ತುವಾಗ ಎಳೆದುಕೊಳ್ಳಬೇಕು. ಉಸಿರು ತಪ್ಪಿದರೆ ಏಟು ತಪ್ಪುತ್ತದೆ, ಏಟು ತಪ್ಪಿದರೆ ಹೆದೆ ಹತ್ತಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ನಾನು ಜಗಳೂರಿನವಳು. ಅಲ್ಲಿಯ ಕರಿಮಣ್ಣಿನ ಹತ್ತಿಯನ್ನು ಕೊಳ್ಳಲು ಇವರು ವರ್ಷಕ್ಕೊಮ್ಮೆ ಬರುತ್ತಿದ್ದರು. ಹಾಗೆ ಬಂದವರಿಗೇ ನನ್ನನ್ನು ಕೊಟ್ಟರು. ನಾಲ್ಕನೇ ಕ್ಲಾಸು ಓದಿದ ಹುಡುಗಿ ಎಂದು ಅತ್ತೆ ಓಣಿಯವರ ಮುಂದೆಲ್ಲ ಹೇಳಿಕೊಂಡಿದ್ದರು. ಮನೆಯಲ್ಲಿದ್ದದ್ದು ನಾವು ಮೂವರೇ: ನಾನು, ಇವರು, ಅತ್ತೆ. ಮಾವ ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರು. ಕೆಮ್ಮಿ ಕೆಮ್ಮಿ ಹೋದರಂತೆ. "ಅರಳೆ ಎದ್ಯಾಗೆ ಕೂತು ಗಾದಿ ಆಗಿತ್ತು," ಎಂದು ಅತ್ತೆ ಹೇಳುತ್ತಿದ್ದರು. ಮಗ ಬಿಲ್ಲಿನ ಮುಂದೆ ಕುಳಿತರೆ ಅವರ ಕಣ್ಣು ಅವನ ಬೆನ್ನ ಮೇಲೇ ಇರುತ್ತಿತ್ತು. ಮೂಗಿನ ಬಟ್ಟೆ ಸ್ವಲ್ಪ ಜಾರಿದರೂ, "ಏ, ಬಟ್ಟೆ ಏರಿಸ್ಕೋ," ಎಂದು ಒಲೆಯ ಮುಂದಿನಿಂದಲೇ ಕೂಗುತ್ತಿದ್ದರು. ಕೆಲಸ ಮುಗಿದ ಮೇಲೆ ಒಂದು ತುಂಡು ಬೆಲ್ಲ. ಗಂಟಲಿಗೆ ಅಂಟಿದ ಅರಳೆ ಬೆಲ್ಲದ ಜೊತೆ ಇಳಿದುಹೋಗುತ್ತದೆ ಎಂಬುದು ನಮ್ಮವರ ನಂಬಿಕೆ.

ಮದುವೆಯಾದ ಮೂರನೆಯ ವರ್ಷ ಒಂದು ಮಧ್ಯಾಹ್ನ ಇವರು ಸಾಸ್ವೆಹಳ್ಳಿಯಿಂದ ಗಾಡಿಯಲ್ಲಿ ಬಂದರು. ಅಲ್ಲಿ ಒಂದು ಮನೆಯ ಹಳೆಯ ಗಾದಿಗಳನ್ನೆಲ್ಲ ಬಿಚ್ಚಿ ಹಿಂಜಿದ್ದರು. ಹಳೆಯ ಗಾದಿಯ ಧೂಳು ಬಹಳ ಕೆಟ್ಟದ್ದು. ಎದೆ ಬಿಗಿದು ಸುಯ್‌ಸುಯ್ ಎನ್ನುತ್ತಿತ್ತು, ಮಾತಾಡಲು ಆಗುತ್ತಿರಲಿಲ್ಲ. ಅತ್ತೆಯ ಮುಖ ಬಿಳಿಚಿಕೊಂಡಿತು.

"ನಿಮ್ಮಪ್ಪಂಗೂ ಹಿಂಗೇ ಶುರುವಾತು," ಎಂದರು. "ತಕ್ಯಾಕ್ಕೆ ಹೋಗು. ಅಲ್ಲಿರೋ ಫಕೀರಪ್ಪ ಇಂಥ ಎದೆಗೆ ಚಿಲುಮೆ ಕೊಡ್ತಾನಂತೆ. ಆ ಹೊಗೆ ಒಳಗಿನ ಅರಳೆ ಸುಡ್ತೈತಂತೆ. ನಿಮ್ಮಪ್ಪಂಗೆ ಹೇಳಿ ಹೇಳಿ ಸಾಕಾತು. ಒಲ್ಲೆ ಅಂದ. ಒಲ್ಲೆ ಅಂದೋನು ಹೋದ."

ತಕ್ಯಾ ಎಂದರೆ ಊರಾಚೆ ಹುಣಸೆಮರದ ಕೆಳಗೆ ಫಕೀರರು ತಂಗುತ್ತಿದ್ದ ಜಾಗ. ಬೈರಾಗಿಗಳೂ ಅಲ್ಲಿಗೇ ಬರುತ್ತಿದ್ದರು. ಗಾಂಜಾ ಆಗ ಕದ್ದು ತರುವ ವಸ್ತುವಲ್ಲ. ಪೇಟೆಯಲ್ಲಿ ಸರ್ಕಾರದ ಗುತ್ತಿಗೆ ಹಿಡಿದ ಅಂಗಡಿಯೇ ಇತ್ತು. ಇವರು ಹೋದರು, ಒಂದು ತಾಸಿಗೆಲ್ಲ ನಡೆದುಕೊಂಡೇ ತಿರುಗಿ ಬಂದರು. ಸುಯ್‌ಸುಯ್ ನಿಂತಿತ್ತು.

"ಎದೆ ಬಿಚ್ಚಿಕೊಂಡಂಗಾತು ಅವ್ವಾ," ಎಂದರು. "ಕಟ್ಟಿದ್ದ ಗಂಟು ಯಾರೋ ಸಡಿಲ ಮಾಡಿದಂಗೆ."

ಅತ್ತೆ ಸೆರಗಿನಿಂದ ಕಣ್ಣೊರಸಿಕೊಂಡರು. ನಾನೂ ಒರಸಿಕೊಂಡೆ. ಆ ದಿನ ನಿಜವಾಗಿಯೂ ಎದೆ ಬಿಚ್ಚಿಕೊಂಡಿತ್ತು, ಅದರಲ್ಲಿ ಸುಳ್ಳಿಲ್ಲ. ನಾವು ಕೆಟ್ಟದ್ದು ಅಲ್ಲಿಯೇ. ಅದು ಗುಣ ಕೊಡದ ವಸ್ತುವಾಗಿದ್ದರೆ ನಾಲ್ಕು ದಿನಕ್ಕೆ ಬಿಡುತ್ತಿದ್ದರು.

ಆವತ್ತಿನಿಂದ ಚಿಲುಮೆ ನಮ್ಮ ಮನೆಯ ಔಷಧವಾಯಿತು. ಮೊದಲು ಹಿಂಜಿದ ದಿನ ಮಾತ್ರ, ಆಮೇಲೆ ದಿನಕ್ಕೊಮ್ಮೆ, ಆಮೇಲೆ ಬೆಳಿಗ್ಗೆ ಸಂಜೆ ಎರಡು ಹೊತ್ತು. ಇವರು ಅಮಲಿಗಾಗಿ ಸೇದಿದವರಲ್ಲ. ಹಿತ್ತಲ ಕಟ್ಟೆಯ ಮೇಲೆ ಕಷಾಯ ಕುಡಿಯುವವರ ಹಾಗೆ ಮುಖ ಕಿವುಚಿಕೊಂಡು ಸೇದುತ್ತಿದ್ದರು. ಹೊಗೆಯನ್ನು ಆಳಕ್ಕೆ ಎಳೆದುಕೊಂಡು, ಕಣ್ಣು ಮುಚ್ಚಿ, ತಡೆದಷ್ಟು ಹೊತ್ತು ಒಳಗೇ ಹಿಡಿಯುತ್ತಿದ್ದರು. ಒಳಗೆ ನಿಂತಷ್ಟೂ ಅರಳೆ ಚೆನ್ನಾಗಿ ಸುಡುತ್ತದೆ ಎಂದು ಫಕೀರಪ್ಪ ಹೇಳಿಕೊಟ್ಟಿದ್ದನಂತೆ. ಹೊಗೆಸೊಪ್ಪು ಬೆರೆಸುತ್ತಿರಲಿಲ್ಲ, ಬೆರೆಸಿದರೆ ಔಷಧದ ಗುಣ ಹೋಗುತ್ತದಂತೆ. ಸಾಫಿಯನ್ನು ನೆನೆಸಿ, ಹಿಂಡಿ, ಮಡಚಿ ಕೈಗೆ ಕೊಡುವುದು ನನ್ನ ಕೆಲಸ. ಒದ್ದೆ ಬಟ್ಟೆ ಹೊಗೆಯ ಕೆಟ್ಟದ್ದನ್ನೆಲ್ಲ ಹಿಡಿದುಕೊಳ್ಳುತ್ತದೆ ಎಂದುಕೊಂಡಿದ್ದೆ. ಅಷ್ಟು ಕಂದು ಬಟ್ಟೆಯಲ್ಲೇ ಉಳಿಯಿತಲ್ಲ ಎಂದು ಸಮಾಧಾನ. ಉಳಿದದ್ದು ಎಲ್ಲಿಗೆ ಹೋಯಿತು ಎಂದು ಒಂದು ದಿನವೂ ಕೇಳಿಕೊಳ್ಳಲಿಲ್ಲ.

ಕೆಮ್ಮು ಇದ್ದೇ ಇತ್ತು. ಬೆಳಿಗ್ಗೆ ಎದ್ದ ಕೂಡಲೇ ಒಂದು ಸುತ್ತು. ಕಫ ಉಗಿಯಲು ಮಂಚದ ಕೆಳಗೆ ಬೂದಿ ಹಾಕಿದ ಕುಡಿಕೆ ಇಡುತ್ತಿದ್ದೆ. ಮೊದಮೊದಲು ಕಫ ಬೆಳ್ಳಗಿತ್ತು, ಬರುಬರುತ್ತ ಬೂದುಬಣ್ಣಕ್ಕೆ ತಿರುಗಿತು. "ನೋಡು, ಸುಟ್ಟ ಅರಳೆ ಹೊರಗೆ ಬರ್ತೈತೆ," ಎಂದು ಅತ್ತೆ ಖುಷಿಪಟ್ಟರು.

ನಮ್ಮ ಮನೆಯಿಂದ ಮಸೀದಿಗೆ ಸಣ್ಣ ಏರು. ಮದುವೆಯಾದ ಹೊಸದರಲ್ಲಿ ಇವರು ಆ ಏರನ್ನು ಯಾರ ಜೊತೆಗಾದರೂ ಮಾತಾಡುತ್ತಲೇ ಹತ್ತುತ್ತಿದ್ದರು. ಎರಡನೆಯ ಮಹಾಯುದ್ಧ ಶುರುವಾಗುವ ಹೊತ್ತಿಗೆ ನಡುವೆ ಬೇವಿನ ಮರದ ಹತ್ತಿರ ಒಂದು ಸಲ ನಿಲ್ಲತೊಡಗಿದರು. ಆಮೇಲೆ ಎರಡು ಕಡೆ, ಕಮ್ಮಾರನ ಅಂಗಡಿಯ ಮುಂದೆಯೂ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಯಾರಾದರೂ ನೋಡಿದರೆ ಚಪ್ಪಲಿಯ ಮುಳ್ಳು ತೆಗೆಯುವವರ ಹಾಗೆ ಬಾಗುತ್ತಿದ್ದರು.

ರಂಜಾನ್ ತಿಂಗಳಲ್ಲಿ ಮಾತ್ರ ಹಗುರವಾಗುತ್ತಿತ್ತು. ಆ ತಿಂಗಳು ಇವರು ಬಿಲ್ಲು ಮುಟ್ಟುತ್ತಿರಲಿಲ್ಲ, ರೋಜಾದ ಉಪವಾಸ ಹಿಡಿದು ಕೊಡತಿ ಬೀಸಲು ಆಗುವುದಿಲ್ಲ. ಚಿಲುಮೆಯನ್ನೂ ಮುಟ್ಟುತ್ತಿರಲಿಲ್ಲ, ಹಗಲೂ ಇಲ್ಲ, ರೋಜಾ ಬಿಟ್ಟ ಮೇಲೂ ಇಲ್ಲ. ಆ ತಿಂಗಳ ಬಾಯಿಗೆ ಆ ವಾಸನೆ ಬೇಡ ಎನ್ನುತ್ತಿದ್ದರು. ಮೊದಲ ವಾರ ಎದೆ ಬಿಗಿಯುತ್ತಿತ್ತು, ಸಿಡುಕುತ್ತಿದ್ದರು. ಮೂರನೆಯ ವಾರಕ್ಕೆ ಕುಡಿಕೆ ಖಾಲಿ ಇರುತ್ತಿತ್ತು. ಹಬ್ಬದ ದಿನ ಬೇವಿನ ಮರದ ಹತ್ತಿರ ನಿಲ್ಲದೆ ಹೋಗುತ್ತಿದ್ದರು. ತಿಂಗಳ ಬರಕತ್ತು, ದೇವರ ಕೃಪೆ ಎಂದು ಅತ್ತೆ ಕೈಯೆತ್ತಿ ಬೇಡಿಕೊಳ್ಳುತ್ತಿದ್ದರು. ಅರಳೆ ಒಂದು ತಿಂಗಳು ಎದೆಗೆ ಹೋಗಲಿಲ್ಲವಲ್ಲ, ಅದಕ್ಕೇ ಎಂದು ನಾನು ಅಂದುಕೊಳ್ಳುತ್ತಿದ್ದೆ. ಹಬ್ಬದ ಮಾರನೆಯ ದಿನ ಬಿಲ್ಲು, ಚಿಲುಮೆ ಎರಡೂ ಒಟ್ಟಿಗೇ ಶುರು. ಹದಿನೈದು ದಿನದಲ್ಲಿ ಕೆಮ್ಮು ಹಳೆಯ ಜಾಗಕ್ಕೆ ಬಂದು ಕೂರುತ್ತಿತ್ತು.

ಯುದ್ಧದ ನಡುವಿನ ಒಂದು ವರ್ಷ ಮದುವೆಯ ಕಾಲದಲ್ಲಿ ನ್ಯಾಮತಿಯಿಂದ ಕರೆ ಬಂತು. ಬಟ್ಟೆ ಸಿಗುವುದೇ ಕಷ್ಟವಾಗಿದ್ದ ದಿನಗಳು, ಆದರೂ ಅನುಕೂಲಸ್ಥರ ಮನೆ, ಮಗಳ ಜೊತೆ ಗಾದಿ ಕಳಿಸಲೇಬೇಕು. ಗವಸು ಹೊಲಿಯಲು ನಾನೂ ಜೊತೆಗೆ ಹೋಗಿದ್ದೆ. ಅವರ ಪಡಸಾಲೆಯಲ್ಲಿ ಬಿಲ್ಲು ಕಟ್ಟಿದೆವು. ಮನೆಯ ಮುತ್ತೈದೆ ಬಿಲ್ಲಿಗೆ ಅರಿಶಿನ ಹಚ್ಚಿ ವೀಳ್ಯ ಇಟ್ಟ ಮೇಲೆ ಮೊದಲ ಏಟು. ಹತ್ತು ಏಟು ಆಗಿರಲಿಲ್ಲ, ಇವರಿಗೆ ಕೆಮ್ಮು ಹತ್ತಿತು.

ಬಾಗಿಲ ಹತ್ತಿರ ಕುಳಿತಿದ್ದ ಮನೆಯ ಅಜ್ಜಿ ಕೇಳಿತು: "ಏನಪ್ಪ ಪಿಂಜಾರಣ್ಣ, ಗಾದಿಗೆ ಅರಳೆ ತುಂಬಾಕೆ ಬಂದಿಯೋ, ಕೆಮ್ಮು ತುಂಬಾಕೆ ಬಂದಿಯೋ?"

"ಅರಳೆನೇ ತುಂಬ್ತೀನಿ ಅಜ್ಜಿ," ಎಂದರು ಇವರು. "ಕೆಮ್ಮು ಪುಕ್ಕಟೆ."

ಒಳಗಿದ್ದ ಹೆಂಗಸರೆಲ್ಲ ನಕ್ಕರು. ಇವರು ನೀರು ಕುಡಿದು ಮತ್ತೆ ಕೊಡತಿ ಎತ್ತಿಕೊಂಡರು. ಈ ಸಲ ಕೆಮ್ಮು ಬಂದದ್ದು ಬಿಡಲೇ ಇಲ್ಲ. ಬಿಲ್ಲನ್ನು ಅಪ್ಪಿಕೊಂಡು ಅದರ ಮೇಲೆ ಹಣೆಯಿಟ್ಟು ಕೆಮ್ಮಿದರು. ಮೂಗಿನ ಬಟ್ಟೆ ಕಿತ್ತೆಸೆದು ಕೆಮ್ಮಿದರು. ಮದುವಣಗಿತ್ತಿ ಎದ್ದು ಒಳಗೆ ಹೋದಳು.

ಅಜ್ಜಿಯ ದನಿ ಈಗ ಮೆತ್ತಗಾಗಿತ್ತು. "ನಗೋ ಮಾತಲ್ಲಪ್ಪ ಇದು. ಹೊಸಾ ಜೋಡಿ ಮಲಗೋ ಗಾದಿ. ಬ್ಯಾರೆಯೋರನ್ನ ಕರೆಸ್ತೀವಿ. ತಪ್ಪು ತಿಳೀಬ್ಯಾಡ. ಊಟ ಮಾಡ್ಕಂಡು ಹೋಗ್ರಿ ಇಬ್ರೂ."

ಇವರು ಹಿಂಜಿದ ಅಷ್ಟು ಹತ್ತಿಯನ್ನು ಒಂದು ಕಡೆ ಗುಡ್ಡೆ ಮಾಡಿ, ಹಾರದ ಹಾಗೆ ಬಟ್ಟೆ ಹೊದಿಸಿ, ಬಿಲ್ಲು ಬಿಚ್ಚಿದರು. ಬಂದ ಕೂಡಲೇ ಆ ಮನೆಯವರು ನನ್ನ ಮಡಿಲಿಗೆ ಹಾಕಿದ್ದ ತೆಂಗಿನಕಾಯಿಯನ್ನು ನಾನು ಅಲ್ಲಿಯೇ ಇಟ್ಟು ಬಂದೆ. ಬೀದಿಗೆ ಬಂದ ಮೇಲೆ ಇವರು, "ಕಸುಬೇ ನನ್ನನ್ನ ಒಲ್ಲೆ ಅಂತೈತಲ್ಲೇ," ಎಂದರು. ಹೊನ್ನಾಳಿಯ ಆಸ್ಪತ್ರೆಗೆ ಹೋಗಿಯೇ ಊರಿಗೆ ಹೋಗೋಣ ಎಂದೆ.

ಪೆಟ್ರೋಲು ಸಿಗದ ಕಾಲ, ಆಗಿನದು ಇದ್ದಿಲಿನಿಂದ ಓಡುವ ಬಸ್ಸು. ಹೊಗೆ ಕಾರುತ್ತ, ನಿಂತು ನಿಂತು ಹೊನ್ನಾಳಿ ತಲುಪಿಸಿತು. ಡಾಕ್ಟರು ವಯಸ್ಸಾದವರು, ಮೈಸೂರಿನ ಕಡೆಯವರಂತೆ. ಇವರ ಅಂಗಿ ಬಿಚ್ಚಿಸಿ ಬೆನ್ನಿಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿದರು.

"ಏನು ಕೆಲಸ?"

"ಹತ್ತಿ ಹಿಂಜ್ತೀನಿ ಸ್ವಾಮಿ."

"ಬೀಡಿ ಸೇದುತ್ತೀಯಾ?"

ಇವರು ಬಾಯಿ ತೆಗೆಯುವ ಮೊದಲೇ ನಾನು ಹೇಳಿದೆ. ಹೇಳುವಾಗ ನನ್ನ ದನಿಯಲ್ಲಿ ಹೆಮ್ಮೆಯೂ ಇತ್ತು. "ಇಲ್ರೀ ಸ್ವಾಮಿ. ಇವರು ಬೀಡಿ ಮುಟ್ಟಿದೋರಲ್ಲ. ನಮ್ಮ ಮನ್ಯಾಗೆ ಯಾರಿಗೂ ಆ ಚಟ ಇಲ್ಲ."

ಅವರು ತಲೆಯಾಡಿಸಿದರು. "ಹಾಗಾದರೆ ಆ ಹತ್ತಿ ಧೂಳೇ. ಆ ಕೆಲಸ ಬಿಡಬೇಕಪ್ಪ. ಎದೆ ಬೇಕಾದರೆ ಕಸುಬು ಬಿಡು."

ನಾನು ಸುಳ್ಳು ಹೇಳಿರಲಿಲ್ಲ. ಬೀಡಿ ಎಂದರೆ ಚಟ, ಚಿಲುಮೆ ಎಂದರೆ ಔಷಧ. ಇವೆರಡು ಒಂದೇ ಸಾಲಿನಲ್ಲಿ ನಿಲ್ಲುವ ವಸ್ತುಗಳು ಎಂದು ನಮಗೆ ಹೊಳೆಯಲೇ ಇಲ್ಲ. ನಾನು ಆ ಮಾತು ಹೇಳುವಾಗ ನನ್ನ ಕೈಚೀಲದಲ್ಲಿ ಬೆಳಿಗ್ಗೆ ಹಿಂಡಿಟ್ಟ ಸಾಫಿ ಇನ್ನೂ ಒದ್ದೆಯಾಗಿಯೇ ಇತ್ತು. ಚೀಲದ ಬಟ್ಟೆ ತೇವವಾಗಿ ನನ್ನ ಮೊಣಕಾಲಿಗೆ ತಾಗುತ್ತಿತ್ತು. ಅದು ನನಗೆ ಈಗಲೂ ತಾಗುತ್ತದೆ.

ಊರಿಗೆ ಬಂದು ಬಿಲ್ಲು ಇಳಿಸಿದೆವು. ಅತ್ತೆಯ ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆವು. ಮೂರು ತಲೆಮಾರು ತೂಗಿದ ಬಿಲ್ಲು. ತೊಲೆಯಲ್ಲಿ ಹಗ್ಗ ಉಜ್ಜಿ ಉಜ್ಜಿ ಆಗಿದ್ದ ಗೆರೆಯನ್ನು ಇವರು ಊಟಕ್ಕೆ ಕುಳಿತಾಗಲೆಲ್ಲ ತಲೆಯೆತ್ತಿ ನೋಡುತ್ತಿದ್ದರು. ಅತ್ತೆ ಮನೆಯೆಲ್ಲ ಸಾರಿಸಿ, ಮೂಲೆಮೂಲೆಯ ಅರಳೆಯನ್ನೂ ಆರಿಸಿ ಹೊರಗೆ ಹಾಕಿದರು. ಹೊಟ್ಟೆಪಾಡಿಗೆ ಇವರು ಈಚಲು ಚಾಪೆ, ಹಗ್ಗ ಇಟ್ಟುಕೊಂಡು ಸಂತೇಬೆನ್ನೂರಿನ ಸಂತೆಗೆ ಹೋಗತೊಡಗಿದರು. ಪರಿಚಯದವರು ಕಂಡರೆ ತಾವೇ ಮೊದಲು ಹೇಳಿಬಿಡುತ್ತಿದ್ದರು: "ಜನ ಚಾಪೆಯಿಂದ ಗಾದಿಗೆ ಏರ್ತಾರೆ. ನಾನು ಗಾದಿಯಿಂದ ಚಾಪೆಗೆ ಇಳಿದೀನಿ ನೋಡ್ರಿ." ಅವರು ನಗುತ್ತಿದ್ದರು. ಇವರಿಗೆ ನಗಲು ಹೋದರೆ ಕೆಮ್ಮು.

ಕೆಮ್ಮು ಕಡಿಮೆಯಾಗಬೇಕಿತ್ತು. ಆಗಲಿಲ್ಲ. ಆರು ತಿಂಗಳಾದರೂ ಆಗಲಿಲ್ಲ. "ಹಳೇ ಅರಳೆ," ಎಂದರು ಅತ್ತೆ. "ಹದಿನೈದು ವರ್ಷದ್ದು ಒಂದೇ ಸಲಕ್ಕೆ ಹೋಗ್ತೈತಾ? ಚಿಲುಮೆ ಇನ್ನೊಂದು ಸಲ ಹೆಚ್ಚು ಮಾಡು." ಇವರು ಮಧ್ಯಾಹ್ನಕ್ಕೂ ಸೇದತೊಡಗಿದರು. ದನಿ ಒಡೆದು ಗೊಗ್ಗರಾಯಿತು. ಮಸೀದಿಯ ದಾರಿಯಲ್ಲಿ ಈಗ ನಾಲ್ಕು ಕಡೆ ನಿಲ್ಲುತ್ತಿದ್ದರು. ಚಪ್ಪಲಿಯ ನೆಪವನ್ನೂ ಬಿಟ್ಟರು. ಮಲಗಿದರೆ ಉಸಿರು ಸಾಲದೆಂದು ತಾವೇ ಹೊಲಿದ ಮೂರು ದಿಂಬು ಒರಗಿಸಿಕೊಂಡು ಕುಳಿತೇ ನಿದ್ದೆ ಮಾಡುತ್ತಿದ್ದರು.

ಹೀಗಿರುವಾಗ ಆ ವರ್ಷದ ರಂಜಾನ್ ಬಂತು. ಎಂದಿನಂತೆ ಇವರು ಚಿಲುಮೆಯನ್ನು ತೊಳೆದು ಗೂಡಿನಲ್ಲಿಟ್ಟರು. ರೋಜಾ ಹಿಡಿಯಲು ಮೈಯಲ್ಲಿ ಶಕ್ತಿ ಇಲ್ಲ ಎಂದರೂ ಕೇಳಲಿಲ್ಲ. ಮೂರು ವಾರ ಕಳೆದಿರಬೇಕು. ಬೆಳಿಗ್ಗೆ ಕಲ್ಲಿನ ಹತ್ತಿರ ಬಟ್ಟೆ ಒಗೆದು ಒಣಹಾಕಲು ಹೋದಾಗ ತಂತಿಯ ಆ ತುದಿ ಬರಿದಾಗಿರುವುದನ್ನು ಕಂಡೆ. ರಂಜಾನಿನಲ್ಲಿ ಆ ತುದಿ ಯಾವಾಗಲೂ ಬರಿದೇ. ಆದರೆ ಬೇರೆ ವರ್ಷಗಳಲ್ಲಿ ಎರಡು ಬಟ್ಟೆಯ ಜಾಗ ಒಟ್ಟಿಗೆ ಖಾಲಿಯಾಗುತ್ತಿತ್ತು. ಈ ವರ್ಷ ಮೂಗಿನ ಬಟ್ಟೆಯ ಜಾಗ ಖಾಲಿಯಾಗಿ ಎಷ್ಟೋ ತಿಂಗಳಾಗಿತ್ತು. ಹೊಸದಾಗಿ ಖಾಲಿಯಾದದ್ದು ಸಾಫಿಯ ಜಾಗ ಒಂದೇ.

ಒಳಗೆ ಹೋಗಿ ಮಂಚದ ಕೆಳಗಿನ ಕುಡಿಕೆ ಎಳೆದು ನೋಡಿದೆ. ಬೂದಿ ಒಣಗಿತ್ತು.

ಹಿಂಡಿದ ಸೀರೆ ಕೈಯಲ್ಲೇ ಹಿಡಿದುಕೊಂಡು ಅಲ್ಲಿಯೇ ನೆಲದ ಮೇಲೆ ಕುಳಿತೆ. ಬಿಲ್ಲು ಮುಟ್ಟದೆ ವರ್ಷವಾಗುತ್ತ ಬಂದಿತ್ತು, ಆಗೆಲ್ಲ ಕೆಮ್ಮು ಏರುತ್ತಲೇ ಹೋಗಿತ್ತು. ಚಿಲುಮೆ ಬಿಟ್ಟು ಮೂರು ವಾರ, ಕೆಮ್ಮು ಇಳಿದಿತ್ತು. ಪ್ರತಿ ವರ್ಷವೂ ಹೀಗೆಯೇ ಆಗಿತ್ತು. ಪ್ರತಿ ವರ್ಷವೂ ನಾವು ಅದನ್ನು ನೋಡಿದ್ದೆವು.

ಹಬ್ಬದವರೆಗೂ ಬಾಯಿ ಬಿಡಲಿಲ್ಲ. ಹೇಗೆ ಹೇಳುವುದು ಎಂಬುದೇ ತಿಳಿಯಲಿಲ್ಲ. ಹಬ್ಬದ ನಮಾಜು ಮುಗಿಸಿ ಇವರು ಬಂದದ್ದನ್ನು ಬಾಗಿಲಲ್ಲಿ ನಿಂತು ನೋಡಿದೆ. ಹೋಗುವಾಗ ಎರಡು ಕಡೆ ನಿಂತಿದ್ದರು, ಬರುವಾಗ ಒಂದೇ ಕಡೆ. ಶಾವಿಗೆ ಕುಡಿದು, ಬಾಯಿ ಒರೆಸಿಕೊಂಡು, ಗೂಡಿಗೆ ಕೈ ಹಾಕಿದರು.

"ಸಾಫಿ ಎಲ್ಲೈತೆ?"

"ನೆನೆಸಿಲ್ಲ."

"ಯಾಕೆ, ನೀರಿಲ್ವಾ?"

"ನೀರು ಐತೆ. ನಾನು ನೆನೆಸಲ್ಲ."

ಅತ್ತೆ ಒಳಗಿನಿಂದ ಬಂದರು. "ಏನೇ ಅದು, ಹಬ್ಬದ ದಿನ ನನ್ನ ಮಗನ ಔಷಧ ಕಿತ್ಕಂಡು ನಿಂತೀಯಾ?"

ನಾನು ಹೇಳಿದೆ. ಕುಡಿಕೆ, ಬೇವಿನ ಮರ, ತಂತಿಯ ಮೇಲಿನ ಬಟ್ಟೆ, ಎಲ್ಲ ಹೇಳಿದೆ. ತೊದಲಿದೆ, ಹಿಂದುಮುಂದಾಗಿ ಹೇಳಿದೆ. ಅತ್ತೆ ನಡುವೆಯೇ, "ನಾಕು ಅಕ್ಷರ ಕಲಿತೋಳು ಡಾಕ್ಟರಾದಳು ನೋಡಪ್ಪ," ಎಂದರು. "ಅದು ರಂಜಾನಿನ ಬರಕತ್ತು. ಬರಕತ್ತನ್ನೂ ಲೆಕ್ಕ ಹಾಕ್ತಾಳೆ."

ಇವರು ಚಿಲುಮೆಯನ್ನು ಕೈಯಲ್ಲಿ ತಿರುಗಿಸುತ್ತ ಕುಳಿತಿದ್ದರು. "ಆ ಡಾಕ್ಟರು ಕೇಳಿದ್ದು ಇದನ್ನೇ ಏನು?" ಎಂದರು.

"ಇದನ್ನೇ ಇರಬೇಕು. ಅವರು ಬೀಡಿ ಅಂದರು. ನಾನು ಇಲ್ಲ ಅಂದೆ."

"ಇಲ್ಲದ್ದಕ್ಕೆ ಇಲ್ಲ ಅಂದೆ. ನೀನೇನು ಮಾಡ್ತೀಯಾ." ತಲೆಯೆತ್ತಿ ತೊಲೆಯ ಗೆರೆ ನೋಡಿದರು: "ಹಂಗಾರೆ ಬಿಲ್ಲನ್ನ ಸುಮ್ಸುಮ್ನೆ ಇಳಿಸಿದ್ವಾ ನಾವು?"

ಆ ಮಾತು ಕೇಳಿ ನಾನು ಒಳಗೆ ಹೋದೆ. ಅವರ ಮುಂದೆ ಅಳಬಾರದಿತ್ತು.

ಒಂದೇ ದಿನಕ್ಕೆ ಬಿಟ್ಟರು ಎಂದು ಹೇಳಿದರೆ ಸುಳ್ಳಾಗುತ್ತದೆ. ಎದೆ ಬಿಗಿದಾಗ ಎರಡು ಸಲ ತಕ್ಯಾಕ್ಕೆ ಹೋಗಿ ಬಂದರು. ತಾಸಿನ ಮಟ್ಟಿಗೆ ಹಗುರವಾಗಿ, ಬೆಳಿಗ್ಗೆ ಎರಡರಷ್ಟು ಕೆಮ್ಮಿದರು. ನಾನು ಜಗಳವಾಡಲಿಲ್ಲ. ಬಿಸಿನೀರು ಕಾಯಿಸಿ ಮುಖಕ್ಕೆ ಹಬೆ ಹಿಡಿಸಿದೆ. ಅತ್ತೆ ಒಂದು ವಾರ ನನ್ನ ಹತ್ತಿರ ಮಾತಾಡಲಿಲ್ಲ. ಆದರೆ ದಿನವೂ ನಮಾಜಿನ ಹೊತ್ತಿಗೆ ಬಾಗಿಲಲ್ಲಿ ಬಂದು ಕೂರುತ್ತಿದ್ದರು. ಮಗ ಎಲ್ಲೆಲ್ಲಿ ನಿಲ್ಲುತ್ತಾನೆ ಎಂದು ಬೆರಳು ಮಡಚುವುದನ್ನು ಸೆರಗಿನೊಳಗೆ ಬಚ್ಚಿಟ್ಟುಕೊಳ್ಳುತ್ತಿದ್ದರು. ಒಂದು ದಿನ ತಾವೇ ಗೂಡಿನಿಂದ ಚಿಲುಮೆ ತೆಗೆದುಕೊಂಡು ತಕ್ಯಾಕ್ಕೆ ಹೋದರು. "ತಗಳಪ್ಪ, ನಿನ್ನ ಔಷಧ ನಿನಗೇ ಇರಲಿ," ಎಂದು ಫಕೀರನ ಮುಂದೆ ಇಟ್ಟು ಬಂದರಂತೆ. ಅವನು ಕಣ್ಣು ಕೂಡ ತೆರೆಯಲಿಲ್ಲವಂತೆ.

ಮಳೆಗಾಲ ಮುಗಿಯುವಷ್ಟರಲ್ಲಿ ಕಫ ಹೆಚ್ಚುಕಡಿಮೆ ನಿಂತಿತು. ಮೂರು ದಿಂಬು ಹೋಗಿ ಒಂದಾಯಿತು. ಹತ್ತಿ ಬಿಡಿಸುವ ಕಾಲಕ್ಕೆ, "ನಿಮ್ಮ ಜಗಳೂರಿಗೆ ಹೋಗಿ ಬರಾಣ ನಡಿ," ಎಂದು ಇವರೇ ಹೊರಟರು. ಅಲ್ಲಿ ನನ್ನ ತಮ್ಮನ ಮನೆಯಂಗಳದಲ್ಲಿ ಬೀಜ ತೆಗೆದ ಹತ್ತಿಯ ಗುಡ್ಡೆಗಳ ನಡುವೆ ಕುಳಿತು ಒಂದೊಂದು ಹಿಡಿ ಎಳೆದು, ಬೆಳಕಿಗೆ ಹಿಡಿದು, ಎಳೆಯ ಉದ್ದ ನೋಡಿ ಆರಿಸಿದರು. ಮೂಗಿನ ಬಟ್ಟೆ ಕಟ್ಟಿಕೊಂಡೇ ಆರಿಸಿದರು. ಅಷ್ಟು ಗೆಲುವಾಗಿ ಅವರನ್ನು ನೋಡಿ ವರ್ಷಗಳಾಗಿದ್ದವು.

ಊರಿಗೆ ಬಂದ ಮಾರನೆಯ ದಿನ ಅಟ್ಟದಿಂದ ಬಿಲ್ಲು ಇಳಿಸಿ, ಹೆದೆ ಬಿಗಿದು, ತೊಲೆಯ ಅದೇ ಗೆರೆಯ ಮೇಲೆ ಹಗ್ಗ ಕಟ್ಟಿದರು. ಅತ್ತೆ ಗೋಡೆಗೊರಗಿ ನಿಂತರು. ಮೊದಲ ಏಟಿಗೆ ಮನೆ ಗುಂಯ್‌ಗುಟ್ಟಿತು. ಪಕ್ಕದ ಮನೆಯವರು ಇಣುಕಿ, "ಓಹೋ, ಶುರುವಾತಾ?" ಎಂದರು. ನಾಲ್ಕು, ಐದು, ಆರು. ಕೆಮ್ಮು ಬರಲಿಲ್ಲ. ಎಲ್ಲರೂ ಕಾದದ್ದು ಕೆಮ್ಮಿಗಾಗಿ, ಅದು ಬರಲಿಲ್ಲ. ಒಂಬತ್ತನೆಯ ಏಟಿಗೆ ಕೊಡತಿ ಕೆಳಗಿಳಿಯಿತು. ಬಾಯಿ ತೆರೆದು ಉಸಿರಿಗಾಗಿ ಕತ್ತು ಮುಂದೆ ಚಾಚಿದ್ದರು. ಎದೆ ಏರುತ್ತಿತ್ತು, ಇಳಿಯುತ್ತಿತ್ತು, ಗಾಳಿ ಮಾತ್ರ ಸಾಲುತ್ತಿರಲಿಲ್ಲ. ಹೆದೆ ಹತ್ತಿಯಲ್ಲಿ ಸಿಕ್ಕಿಕೊಂಡಿತ್ತು.

"ಕೆಮ್ಮು ಹೋತು," ಎಂದರು ಸ್ವಲ್ಪ ಹೊತ್ತಿನ ಮೇಲೆ. "ಉಸಿರನ್ನೂ ಕರಕೊಂಡು ಹೋಗೈತೆ."

ಅಷ್ಟು ವರ್ಷ ಹೊಗೆ ಹಿಡಿದಿಟ್ಟ ಎದೆಯಲ್ಲಿ ಹಾಳಾದದ್ದು ಹಾಳಾಗಿಯೇ ಹೋಗಿತ್ತು. ಕೆಮ್ಮು, ಕಫ ಬಿಟ್ಟವು. ಹೋದ ಎದೆ ಮರಳಿ ಬರಲಿಲ್ಲ. ಹತ್ತಿಯದ್ದೂ ಅದರಲ್ಲಿ ಪಾಲಿತ್ತು, ಇಲ್ಲ ಎನ್ನಲಾರೆ. ಆದರೆ ಹತ್ತಿಗೆ ನಾವು ಬಟ್ಟೆ ಕಟ್ಟಿದ್ದೆವು.

ಆ ಚಳಿಗಾಲದಲ್ಲಿ ಊರಿಗೆಲ್ಲ ಬಂದ ಜ್ವರ ಇವರಿಗೂ ಬಂತು. ಬೇರೆಯವರು ಹಾಸಿಗೆ ಹಿಡಿದು ಎದ್ದರು. ಇವರಿಗೆ ಅದು ಎದೆಗಿಳಿಯಿತು. ನಾಲ್ಕನೆಯ ದಿನ ಹೊತ್ತು ಏರುವಾಗ, ನನ್ನ ಭುಜಕ್ಕೆ ಒರಗಿ ಕುಳಿತಿದ್ದವರು, "ಬಾಗಿಲು ತೆಗಿ, ಗಾಳಿ ಬರಲಿ," ಎಂದರು. ಬಾಗಿಲು ತೆರೆದೇ ಇತ್ತು. ಹಿತ್ತಲ ಬಾಗಿಲನ್ನೂ ತೆರೆದೆ. ತಿರುಗಿ ಬರುವಷ್ಟರಲ್ಲಿ ಅತ್ತೆ ಅವರ ಕಣ್ಣು ಮುಚ್ಚುತ್ತಿದ್ದರು.

ನಲವತ್ತನೆಯ ದಿನ ಕಳೆದು, ಬಂದವರೆಲ್ಲ ಹೋದ ಮೇಲೆ, ಮನೆಯಲ್ಲಿ ನಾವಿಬ್ಬರೇ ಉಳಿದೆವು. ಬಿಲ್ಲು ಅಂದು ಕಟ್ಟಿದಲ್ಲಿಯೇ ತೂಗುತ್ತಿತ್ತು. ಜಗಳೂರಿನಿಂದ ಅವರು ಆರಿಸಿ ತಂದ ಹತ್ತಿ ಮೂಲೆಯಲ್ಲಿ ಹಾಗೆಯೇ ಇತ್ತು. ಅತ್ತೆ ಅದರ ಮುಂದೆ ಕುಳಿತು ಬೀಜ ಆರಿಸುತ್ತಿದ್ದರು. ಅದರಲ್ಲಿ ಬೀಜ ಇರಲಿಲ್ಲ.

"ಸೇದು ಅಂತ ನಾನೇ ಅಲ್ವೇನೇ ಹೇಳಿದ್ದು," ಎಂದರು, ನನ್ನ ಕಡೆ ನೋಡದೆ. "ಗಂಡನ್ನ ಕಳಕಂಡ ಭಯಕ್ಕೆ ಮಗನ್ನ ಕೊಟ್ಟೆ."

"ನೆನೆಸಿ ಕೈಗೆ ಕೊಟ್ಟೋಳು ನಾನು ಅತ್ತೆ. ಡಾಕ್ಟರಿಗೆ ಇಲ್ಲ ಅಂದೋಳೂ ನಾನು."

ನಾವಿಬ್ಬರೂ ಆಮೇಲೆ ಎಂದೂ ಆ ಮಾತನ್ನು ಎತ್ತಲಿಲ್ಲ. ನಾನು ಎದ್ದು ಕೊಡತಿ ತೆಗೆದುಕೊಂಡೆ. ನಮ್ಮಲ್ಲಿ ಹೆಂಗಸರು ಬಿಲ್ಲಿನ ಮುಂದೆ ಕೂರುವುದಿಲ್ಲ, ಗವಸು ಹೊಲಿಯುವುದಷ್ಟೇ ನಮ್ಮ ಪಾಲಿನ ಕೆಲಸ. ಅತ್ತೆ ಬೈಯುತ್ತಾರೆ ಎಂದುಕೊಂಡೆ. ಮೊದಲ ಏಟು ತಪ್ಪಿತು. ಎರಡನೆಯದೂ ತಪ್ಪಿತು.

"ಏ, ನಿಲ್ಲು," ಎಂದರು.

ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಮೊಳದುದ್ದದ ಬಟ್ಟೆ ಇತ್ತು, ನಾನೇ ಒಗೆದು ಮಡಿಚಿಟ್ಟದ್ದು. ನನ್ನ ಹಿಂದೆ ಬಂದು ನಿಂತು, ಅದನ್ನು ನನ್ನ ಮೂಗಿನ ಮೇಲೆಳೆದು, ತಲೆಯ ಹಿಂದೆ ಎರಡು ಗಂಟು ಹಾಕಿದರು. ಬಿಗಿಯಾಯಿತೇ ಎಂದು ಕೇಳಿದರು. ನಾನು ತಲೆಯಾಡಿಸಿದೆ.

"ಹಂ, ಈಗ ಹೊಡಿ," ಎಂದರು.